ಯಶಸ್ವಿನಿ ಸಹಕಾರಿ ರೈತರ ಆರೋಗ್ಯ ರಕ್ಷಣಾ ಯೋಜನೆ: ನಡೆದುಬಂದ ದಾರಿ

ಪೀಠಿಕೆ

ಕರ್ನಾಟಕದಲ್ಲಿ ಸಹಕಾರ ಚಳವಳಿಗೆ ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ. 1905ರಲ್ಲಿ ಗದಗ ಸಮೀಪದ ಕಣಗಿನಹಾಳ ಗ್ರಾಮದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘವು ಸ್ಥಾಪನೆಗೊಂಡಿತು. ಅಂದಿನಿಂದ ಬಿತ್ತನೆ ಬೀಜ, ರಸಗೊಬ್ಬರ, ಬೆಳೆಸಾಲ, ಹಾಲು ಮಾರಾಟ ಮುಂತಾದ ಅಗತ್ಯಗಳಿಗೆ ಗ್ರಾಮೀಣ ಜನತೆಯು ಸಹಕಾರ ಸಂಘಗಳನ್ನು ಆಶ್ರಯಿಸುತ್ತಾ ಬಂದಿದೆ. ಆದರೆ ಕುಟುಂಬದಲ್ಲಿ ಒಬ್ಬರಿಗೆ ಶಸ್ತ್ರಚಿಕಿತ್ಸೆ ಅಗತ್ಯವಾದಾಗ ಬಹುತೇಕ ರೈತರಿಗೆ ಕೈಸಾಲ, ಒಡವೆ ಅಡಮಾನ ಅಥವಾ ಜಮೀನು ಮಾರಾಟವನ್ನು ಬಿಟ್ಟು ಅನ್ಯ ಮಾರ್ಗವಿರಲಿಲ್ಲ. ಈ ಕೊರತೆಯನ್ನು ಸಹಕಾರ ತತ್ವದ ಮೂಲಕವೇ ನೀಗಿಸುವ ಉದ್ದೇಶದಿಂದ ರೂಪುಗೊಂಡದ್ದು ಯಶಸ್ವಿನಿ ಯೋಜನೆ.

ಅರ್ಜಿದಾರರು ಯೋಜನೆಯ ಸ್ವರೂಪವನ್ನು, ವಂತಿಗೆಯು ಕಾಲಕಾಲಕ್ಕೆ ಬದಲಾಗಲು ಇರುವ ಕಾರಣಗಳನ್ನು ಹಾಗೂ ನೋಂದಣಿಗೆ ಗಡುವು ನಿಗದಿಪಡಿಸುವುದರ ಹಿನ್ನೆಲೆಯನ್ನು ಅರಿತುಕೊಳ್ಳಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ.

1. ಯೋಜನೆಯ ಉಗಮ

ನಾರಾಯಣ ಹೃದಯಾಲಯದ ಸಂಸ್ಥಾಪಕರಾದ ಹೃದ್ರೋಗ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿಯವರ ಚಿಂತನೆ ಮತ್ತು ಸಹಕಾರ ಇಲಾಖೆಯ ಅಂದಿನ ಹಿರಿಯ ಅಧಿಕಾರಿಗಳ ಸಹಯೋಗದಲ್ಲಿ ಯೋಜನೆಯ ರೂಪುರೇಷೆ ಸಿದ್ಧಗೊಂಡಿತು. ಒಬ್ಬ ರೈತನಿಗೆ ಶಸ್ತ್ರಚಿಕಿತ್ಸೆಯ ವೆಚ್ಚವು ಭರಿಸಲಾಗದ ಹೊರೆಯಾದರೂ, ಲಕ್ಷಾಂತರ ರೈತರು ತಿಂಗಳಿಗೆ ಕೆಲವೇ ರೂಪಾಯಿಗಳನ್ನು ಒಂದೆಡೆ ಕೂಡಿಸಿದಲ್ಲಿ ಆ ವರ್ಷ ಶಸ್ತ್ರಚಿಕಿತ್ಸೆ ಬೇಕಾಗುವ ಕೆಲವರ ವೆಚ್ಚವನ್ನು ಭರಿಸಬಹುದೆಂಬುದು ಇದರ ಮೂಲ ಕಲ್ಪನೆ. ಅಂದಿನ ಮುಖ್ಯಮಂತ್ರಿ ಶ್ರೀ ಎಸ್.ಎಂ. ಕೃಷ್ಣ ಅವರ ಅವಧಿಯಲ್ಲಿ, ದಿನಾಂಕ 14.11.2002ರಂದು ಯೋಜನೆಯನ್ನು ಉದ್ಘಾಟಿಸಲಾಯಿತು. ದಿನಾಂಕ 01.06.2003ರಿಂದ ಸದಸ್ಯರಿಗೆ ಚಿಕಿತ್ಸಾ ಸೌಲಭ್ಯ ದೊರೆಯಲಾರಂಭಿಸಿತು.

ಹಳ್ಳಿ ಹಳ್ಳಿಗಳಲ್ಲಿ ಹಾಲು ಉತ್ಪಾದಕರ ಸಂಘಗಳು ಹಾಗೂ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು ಅದಾಗಲೇ ಕಾರ್ಯನಿರ್ವಹಿಸುತ್ತಿದ್ದುದರಿಂದ, ವಂತಿಗೆ ಸಂಗ್ರಹಣೆಗೆ ಪ್ರತ್ಯೇಕ ಕಚೇರಿಗಳನ್ನಾಗಲೀ ಏಜೆಂಟರನ್ನಾಗಲೀ ನೇಮಿಸುವ ಅವಶ್ಯಕತೆ ಬರಲಿಲ್ಲ. ಸಂಘದ ಕಾರ್ಯದರ್ಶಿಯವರೇ ಸದಸ್ಯರಿಂದ ವಂತಿಗೆ ಪಡೆದು ರಸೀದಿ ನೀಡುವ ವ್ಯವಸ್ಥೆಯನ್ನು ಮಾಡಲಾಯಿತು.

2. ಟ್ರಸ್ಟ್‌ನ ಸ್ವರೂಪ

ಯೋಜನೆಯ ನಿರ್ವಹಣೆಗಾಗಿ ಯಶಸ್ವಿನಿ ಸಹಕಾರಿ ರೈತರ ಆರೋಗ್ಯ ರಕ್ಷಣಾ ಟ್ರಸ್ಟ್ ಅನ್ನು ಭಾರತೀಯ ನ್ಯಾಸಗಳ ಅಧಿನಿಯಮ 1882ರ ಅಡಿಯಲ್ಲಿ ನೋಂದಾಯಿಸಲಾಯಿತು. ಇದರ ಮುಖ್ಯ ಲಕ್ಷಣಗಳು ಹೀಗಿವೆ:

ಅ) ಇದು ಲಾಭೋದ್ದೇಶವಿಲ್ಲದ ಸಂಸ್ಥೆ. ಷೇರುದಾರರಾಗಲೀ ಲಾಭಾಂಶ ವಿತರಣೆಯಾಗಲೀ ಇರುವುದಿಲ್ಲ. ಒಂದು ವರ್ಷ ಉಳಿದ ಹಣವು ಮುಂದಿನ ವರ್ಷದ ಚಿಕಿತ್ಸಾ ವೆಚ್ಚಕ್ಕೆ ಲಭ್ಯವಾಗುತ್ತದೆ.

ಆ) ಯೋಜನೆಯ ಹೊಣೆಯನ್ನು ಯಾವುದೇ ವಿಮಾ ಕಂಪನಿಗೆ ವಹಿಸಿರಲಿಲ್ಲ. ಸದಸ್ಯರ ವಂತಿಗೆ ಮತ್ತು ರಾಜ್ಯ ಸರ್ಕಾರದ ಸಹಾಯಧನದಿಂದ ಟ್ರಸ್ಟ್ ನೇರವಾಗಿ ಆಸ್ಪತ್ರೆಗಳಿಗೆ ಹಣ ಪಾವತಿಸುತ್ತಿತ್ತು.

ಇ) ಸಹಕಾರ ಇಲಾಖೆಯ ಕಾರ್ಯದರ್ಶಿಯವರ ಅಧ್ಯಕ್ಷತೆಯ ಧರ್ಮದರ್ಶಿ ಮಂಡಳಿಯು ನೀತಿ ನಿರ್ಧಾರ ಕೈಗೊಳ್ಳುತ್ತಿದ್ದು, ಮಂಡಳಿಯಲ್ಲಿ ಅಧಿಕಾರಿಗಳೊಂದಿಗೆ ವೈದ್ಯರಿಗೂ ಸ್ಥಾನ ನೀಡಲಾಗಿತ್ತು.

ಈ) ಪೂರ್ವಾನುಮತಿ ನೀಡುವುದು, ಬಿಲ್ಲುಗಳ ಪರಿಶೀಲನೆ ಮುಂತಾದ ದೈನಂದಿನ ಕಾರ್ಯಗಳನ್ನು ಹೊರಗಿನ ಆಡಳಿತ ಸಂಸ್ಥೆಗೆ ವಹಿಸಲಾಗಿತ್ತು. ಆರಂಭದಲ್ಲಿ ಫ್ಯಾಮಿಲಿ ಹೆಲ್ತ್ ಪ್ಲಾನ್ ಸಂಸ್ಥೆಯು ಈ ಹೊಣೆಯನ್ನು ನಿರ್ವಹಿಸಿತು.

3. ಆರಂಭಿಕ ಸೌಲಭ್ಯಗಳು

ಮೊದಲ ವರ್ಷ ಪ್ರತಿ ವ್ಯಕ್ತಿಗೆ ತಿಂಗಳಿಗೆ ರೂ.5/-ರಂತೆ ವಾರ್ಷಿಕ ರೂ.60/- ವಂತಿಗೆ ನಿಗದಿಪಡಿಸಲಾಯಿತು. ಪ್ರತಿ ಸದಸ್ಯರಿಗೆ ತಿಂಗಳಿಗೆ ರೂ.2.50ರ ಲೆಕ್ಕದಲ್ಲಿ ಸರ್ಕಾರವು ಸಹಾಯಧನ ಒದಗಿಸಿತು. ಒಂದು ಶಸ್ತ್ರಚಿಕಿತ್ಸೆಗೆ ಗರಿಷ್ಠ ರೂ.1 ಲಕ್ಷ ಹಾಗೂ ವರ್ಷಕ್ಕೆ ಗರಿಷ್ಠ ರೂ.2 ಲಕ್ಷದವರೆಗೆ, ಸಾಮಾನ್ಯ ವಾರ್ಡಿನಲ್ಲಿ, ನಗದುರಹಿತ ಚಿಕಿತ್ಸೆ ಪಡೆಯಲು ಅವಕಾಶವಿತ್ತು. ನವಜಾತ ಶಿಶುವಿನಿಂದ 75 ವರ್ಷದವರೆಗಿನವರು ಅರ್ಹರಾಗಿದ್ದರು. ಈಗಾಗಲೇ ಕಾಯಿಲೆ ಇರುವವರನ್ನು ಹೊರಗಿಡಲಿಲ್ಲ. ನೋಂದಣಿಗೆ ಮುನ್ನ ವೈದ್ಯಕೀಯ ತಪಾಸಣೆಯನ್ನೂ ಕಡ್ಡಾಯಗೊಳಿಸಲಿಲ್ಲ. ನೆಟ್‌ವರ್ಕ್ ಆಸ್ಪತ್ರೆಗಳಲ್ಲಿ ಹೊರರೋಗಿ ಸಮಾಲೋಚನೆ ಉಚಿತವಾಗಿದ್ದು, ಪರೀಕ್ಷೆಗಳಿಗೆ ರಿಯಾಯಿತಿ ದರವಿತ್ತು.

ಯೋಜನೆಯು ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ ಸೀಮಿತವಾಗಿತ್ತು. ಜ್ವರ, ಕೆಮ್ಮು ಮೊದಲಾದ ಪದೇ ಪದೇ ಬರುವ ಸಣ್ಣ ವೆಚ್ಚಗಳನ್ನು ಕುಟುಂಬವು ಹೇಗಾದರೂ ಭರಿಸಬಲ್ಲದು, ಅಪರೂಪಕ್ಕೆ ಬಂದೆರಗುವ ದೊಡ್ಡ ವೆಚ್ಚವೇ ಕುಟುಂಬವನ್ನು ಸಾಲಕ್ಕೆ ದೂಡುತ್ತದೆ ಎಂಬ ಪರಿಗಣನೆಯಿಂದ ಈ ಮಿತಿಯನ್ನು ವಿಧಿಸಲಾಗಿತ್ತು. ಕಾಲಕ್ರಮೇಣ ಹಾವು ಕಡಿತ, ನಾಯಿ ಕಡಿತ, ಎತ್ತು ತಿವಿದು ಆದ ಗಾಯ, ಕೃಷಿ ಉಪಕರಣ ಬಳಸುವಾಗಿನ ಅಪಘಾತ, ವಿದ್ಯುತ್ ಆಘಾತ, ನೀರಿನಲ್ಲಿ ಮುಳುಗುವಿಕೆ ಮುಂತಾಗಿ ರೈತ ಜೀವನಕ್ಕೆ ಸಂಬಂಧಿಸಿದ ತುರ್ತು ಸಂದರ್ಭಗಳನ್ನೂ, ಸಾಮಾನ್ಯ ಹೆರಿಗೆಯನ್ನೂ ಸೇರ್ಪಡೆಗೊಳಿಸಲಾಯಿತು. ಅಂಗಾಂಗ ಕಸಿ, ಕೀಲು ಬದಲಾವಣೆ, ಸೌಂದರ್ಯವರ್ಧಕ ಶಸ್ತ್ರಚಿಕಿತ್ಸೆ ಮುಂತಾದವು ಅಂದಿನ ವ್ಯಾಪ್ತಿಯಿಂದ ಹೊರಗಿದ್ದವು.

4. ವರ್ಷವಾರು ಪ್ರಗತಿ

ಮೊದಲ ಆರು ವರ್ಷಗಳ ಸ್ಥೂಲ ವಿವರ ಈ ಕೆಳಕಂಡಂತಿದೆ:

2003-04: ಸದಸ್ಯರು ಸುಮಾರು 16 ಲಕ್ಷ, ಶಸ್ತ್ರಚಿಕಿತ್ಸೆಗಳು ಸುಮಾರು 9,000, ಚಿಕಿತ್ಸಾ ವೆಚ್ಚ ಸುಮಾರು ರೂ.10.7 ಕೋಟಿ
2004-05: ಸದಸ್ಯರು ಸುಮಾರು 21 ಲಕ್ಷ, ಶಸ್ತ್ರಚಿಕಿತ್ಸೆಗಳು ಸುಮಾರು 15,200, ಚಿಕಿತ್ಸಾ ವೆಚ್ಚ ಸುಮಾರು ರೂ.18.5 ಕೋಟಿ
2005-06: ಸದಸ್ಯರು ಸುಮಾರು 14.7 ಲಕ್ಷ, ಶಸ್ತ್ರಚಿಕಿತ್ಸೆಗಳು ಸುಮಾರು 19,700, ಚಿಕಿತ್ಸಾ ವೆಚ್ಚ ಸುಮಾರು ರೂ.26.2 ಕೋಟಿ
2006-07: ಸದಸ್ಯರು ಸುಮಾರು 18.5 ಲಕ್ಷ, ಶಸ್ತ್ರಚಿಕಿತ್ಸೆಗಳು ಸುಮಾರು 39,600, ಚಿಕಿತ್ಸಾ ವೆಚ್ಚ ಸುಮಾರು ರೂ.38.5 ಕೋಟಿ
2007-08: ಸದಸ್ಯರು ಸುಮಾರು 23.2 ಲಕ್ಷ; ಶಸ್ತ್ರಚಿಕಿತ್ಸೆಗಳು ಸುಮಾರು 60,700; ಚಿಕಿತ್ಸಾ ವೆಚ್ಚ ಸುಮಾರು ರೂ.54.4 ಕೋಟಿ
2008-09: ಸದಸ್ಯರು ಸುಮಾರು 30.5 ಲಕ್ಷ, ಶಸ್ತ್ರಚಿಕಿತ್ಸೆಗಳು ಸುಮಾರು 75,000, ಚಿಕಿತ್ಸಾ ವೆಚ್ಚ ಸುಮಾರು ರೂ.61 ಕೋಟಿ

5. ವಂತಿಗೆ ಏರಿಕೆ ಮತ್ತು ಅದರ ಪರಿಣಾಮ

ಮೇಲ್ಕಂಡ ಅಂಕಿ ಅಂಶಗಳನ್ನು ಸೂಕ್ಷ್ಮವಾಗಿ ಪರಿಶೀಲಿಸಿದಲ್ಲಿ ಪರಸ್ಪರ ನೆರವಿನ ಯೋಜನೆಯೊಂದರ ಒಳಗಿನ ಲೆಕ್ಕಾಚಾರವು ಸ್ಪಷ್ಟವಾಗುತ್ತದೆ. ಮೊದಲ ವರ್ಷ ವಂತಿಗೆ ಮತ್ತು ಸಹಾಯಧನ ಸೇರಿ ಸುಮಾರು ರೂ.14 ಕೋಟಿ ಸಂಗ್ರಹವಾಗಿದ್ದು, ಚಿಕಿತ್ಸಾ ವೆಚ್ಚವು ಅದಕ್ಕಿಂತ ಕಡಿಮೆಯಿತ್ತು. ಸೌಲಭ್ಯದ ಬಗ್ಗೆ ತಿಳುವಳಿಕೆ ಇನ್ನೂ ಹರಡದಿದ್ದುದರಿಂದ, ಆ ವರ್ಷ ಪ್ರತಿ ಸಾವಿರ ಸದಸ್ಯರಲ್ಲಿ ಆರಕ್ಕಿಂತ ಕಡಿಮೆ ಮಂದಿ ಶಸ್ತ್ರಚಿಕಿತ್ಸೆ ಪಡೆದಿದ್ದರು. ಎರಡನೇ ವರ್ಷ ಸಂಗ್ರಹವು ಸುಮಾರು ರೂ.16.4 ಕೋಟಿಯಾಗಿದ್ದರೆ ಚಿಕಿತ್ಸಾ ವೆಚ್ಚವು ರೂ.18 ಕೋಟಿಯನ್ನು ಮೀರಿತು. ಅಂದರೆ ಕೊರತೆಯು ಸುಮಾರು ರೂ.2 ಕೋಟಿಯಷ್ಟಿತ್ತು.

ಕೊರತೆಯನ್ನು ಸರಿದೂಗಿಸುವ ಸಲುವಾಗಿ 2005-06ನೇ ಸಾಲಿನಲ್ಲಿ ವಾರ್ಷಿಕ ವಂತಿಗೆಯನ್ನು ರೂ.60/-ರಿಂದ ರೂ.120/-ಕ್ಕೆ ಹೆಚ್ಚಿಸಲಾಯಿತು. ಅದೇ ವರ್ಷ ಆರು ಲಕ್ಷಕ್ಕೂ ಅಧಿಕ ಮಂದಿ ಯೋಜನೆಯಿಂದ ಹೊರಗುಳಿದರು. ಆದಾಗ್ಯೂ ಶಸ್ತ್ರಚಿಕಿತ್ಸೆಗಳ ಸಂಖ್ಯೆ ಕಡಿಮೆಯಾಗಲಿಲ್ಲ. ಬದಲಾಗಿ ನಾಲ್ಕು ಸಾವಿರಕ್ಕೂ ಅಧಿಕವಾಗಿ ಹೆಚ್ಚಿತು. ತಿಳುವಳಿಕೆ ಹೆಚ್ಚಾದದ್ದು ಇದಕ್ಕೆ ಒಂದು ಕಾರಣ. ವಂತಿಗೆ ಏರಿದಾಗ ಆರೋಗ್ಯವಂತರು ಮೊದಲು ಹೊರನಡೆಯುತ್ತಾರೆ, ಚಿಕಿತ್ಸೆಯ ಅಗತ್ಯವಿರುವವರು ಉಳಿದುಕೊಳ್ಳುತ್ತಾರೆ ಎಂಬುದು ಮತ್ತೊಂದು ಕಾರಣ. ಹೀಗೆ ಉಳಿದವರ ಮೇಲೆ ಹೊರೆ ಹೆಚ್ಚಾಗಿ, ಮತ್ತೆ ವಂತಿಗೆ ಏರಿಸಬೇಕಾದ ಪರಿಸ್ಥಿತಿ ಒದಗುವುದು ಆರೋಗ್ಯ ವಿಮೆಯಲ್ಲಿ ಸರ್ವವಿದಿತವಾದ ಅಪಾಯ.

ಈ ಅಪಾಯದಿಂದ ಯೋಜನೆಯನ್ನು ಪಾರುಮಾಡಿದ್ದು ಎರಡು ಕ್ರಮಗಳು. ಮೊದಲನೆಯದಾಗಿ, ಸರ್ಕಾರದ ವಾರ್ಷಿಕ ಸಹಾಯಧನವನ್ನು ಹಂತಹಂತವಾಗಿ ಹೆಚ್ಚಿಸಲಾಯಿತು; ಆರಂಭದ ರೂ.4.5 ಕೋಟಿಯಿಂದ ಅದು 2008-09ರ ವೇಳೆಗೆ ರೂ.30 ಕೋಟಿಗೆ ತಲುಪಿತು. ಎರಡನೆಯದಾಗಿ, ಮುಂದಿನ ನಾಲ್ಕು ವರ್ಷ ವಂತಿಗೆಯ ಏರಿಕೆಯನ್ನು ಅಲ್ಪ ಪ್ರಮಾಣಕ್ಕೆ ಸೀಮಿತಗೊಳಿಸಿ (2008-09ರಲ್ಲಿ ರೂ.130/-, 2009-10ರಲ್ಲಿ ರೂ.140/-) ಸದಸ್ಯತ್ವವನ್ನು ವಿಸ್ತರಿಸಲಾಯಿತು. 2008-09ರಲ್ಲಿ ಪ್ರತಿ ಸಾವಿರ ಸದಸ್ಯರಲ್ಲಿ ಸುಮಾರು 25 ಮಂದಿ ಶಸ್ತ್ರಚಿಕಿತ್ಸೆ ಪಡೆದರೂ, ಆಸ್ಪತ್ರೆಗಳೊಂದಿಗೆ ಮುಂಚಿತವಾಗಿ ದರ ನಿಗದಿಪಡಿಸಿಕೊಂಡಿದ್ದರಿಂದ ಪ್ರತಿ ಶಸ್ತ್ರಚಿಕಿತ್ಸೆಯ ಸರಾಸರಿ ವೆಚ್ಚವು ಸುಮಾರು ರೂ.8,100ರಷ್ಟಿತ್ತು. ಮೊದಲ ವರ್ಷದ ಸರಾಸರಿ ವೆಚ್ಚವು ರೂ.11,700ಕ್ಕೂ ಅಧಿಕವಾಗಿತ್ತೆಂಬುದು ಇಲ್ಲಿ ಗಮನಾರ್ಹ.

2014ರಲ್ಲಿ ನಗರ ಪ್ರದೇಶದ ಸಹಕಾರ ಸಂಘಗಳ ಸದಸ್ಯರಿಗೂ ಪ್ರತ್ಯೇಕ ವಂತಿಗೆಯೊಂದಿಗೆ ಯೋಜನೆಯನ್ನು ವಿಸ್ತರಿಸಲಾಯಿತು.

6. ಯೋಜನೆಯ ಸ್ಥಗಿತ

ಈ ನಡುವೆ ರಾಜ್ಯದಲ್ಲಿ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ 2010ರಲ್ಲಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀಯೂ ಸೇರಿದಂತೆ ಹಲವು ಆರೋಗ್ಯ ಯೋಜನೆಗಳು ಜಾರಿಗೆ ಬಂದಿದ್ದವು. ಅವೆಲ್ಲವನ್ನೂ ಒಂದೇ ಸೂರಿನಡಿ ತರುವ ಉದ್ದೇಶದಿಂದ ದಿನಾಂಕ 02.03.2018ರಂದು ಆರೋಗ್ಯ ಕರ್ನಾಟಕ ಯೋಜನೆಯನ್ನು ಪ್ರಾರಂಭಿಸಲಾಯಿತು. ಯಶಸ್ವಿನಿಯನ್ನೂ ಅದರಲ್ಲಿ ವಿಲೀನಗೊಳಿಸಲಾಗಿ, ಮೇ 2018ರ ಅಂತ್ಯಕ್ಕೆ ಅದು ಪ್ರತ್ಯೇಕ ಯೋಜನೆಯಾಗಿ ಸ್ಥಗಿತಗೊಂಡಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇಂದ್ರದ ಯೋಜನೆಯೊಂದಿಗೆ ಸಂಯೋಜನೆಗೊಂಡು ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಜಾರಿಗೆ ಬಂತು.

ಹೊಸ ವ್ಯವಸ್ಥೆಯಲ್ಲಿ ಯಾವುದೇ ವಂತಿಗೆ ಇರಲಿಲ್ಲ. ಆದರೆ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ವ್ಯಾಪ್ತಿಗೆ ಬರುವ ಕುಟುಂಬಗಳಿಗೆ ವಾರ್ಷಿಕ ರೂ.5 ಲಕ್ಷದವರೆಗೆ ಪೂರ್ಣ ಸೌಲಭ್ಯವಿದ್ದರೆ, ಉಳಿದವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು ಮಾತ್ರ, ವಾರ್ಷಿಕ ರೂ.1.5 ಲಕ್ಷದ ಮಿತಿಗೊಳಪಟ್ಟು, ಸರ್ಕಾರವು ಭರಿಸುತ್ತಿತ್ತು. ಯಶಸ್ವಿನಿಯಲ್ಲಿ ಪಡಿತರ ಚೀಟಿಯ ಬಣ್ಣ ಗಣನೆಗೆ ಬರುತ್ತಿರಲಿಲ್ಲ. ಸಂಘದ ಸದಸ್ಯತ್ವವೇ ಅರ್ಹತೆಯಾಗಿತ್ತು. ಆದ್ದರಿಂದ ಆದ್ಯತಾ ಪಡಿತರ ಚೀಟಿ ಹೊಂದಿರದ, ಆದರೆ ದೊಡ್ಡ ಆಸ್ಪತ್ರೆಯ ಬಿಲ್ಲು ಭರಿಸುವಷ್ಟು ಅನುಕೂಲವೂ ಇಲ್ಲದ ಸಣ್ಣ ಹಿಡುವಳಿದಾರರಿಗೆ ಈ ಬದಲಾವಣೆಯಿಂದ ಸೌಲಭ್ಯ ಕಡಿತಗೊಂಡಂತಾಯಿತು. ಜೊತೆಗೆ, ಖಾಸಗಿ ಆಸ್ಪತ್ರೆಗೆ ನೇರವಾಗಿ ತೆರಳುವ ಬದಲು ಬಹುತೇಕ ಚಿಕಿತ್ಸೆಗಳಿಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಪಡೆಯಬೇಕಾಯಿತು. ಯಶಸ್ವಿನಿಯನ್ನು ಮತ್ತೆ ಪ್ರಾರಂಭಿಸಬೇಕೆಂಬ ಬೇಡಿಕೆಯು ಸಹಕಾರ ವಲಯದಿಂದ ನಿರಂತರವಾಗಿ ಕೇಳಿಬಂತು.

7. ಮರುಜಾರಿ

2022-23ನೇ ಸಾಲಿನ ಆಯವ್ಯಯದಲ್ಲಿ ಅಂದಿನ ಮುಖ್ಯಮಂತ್ರಿ ಶ್ರೀ ಬಸವರಾಜ ಬೊಮ್ಮಾಯಿ ಅವರು ಯೋಜನೆಯ ಮರುಜಾರಿಯನ್ನು ಘೋಷಿಸಿ ರೂ.300 ಕೋಟಿ ಅನುದಾನ ಒದಗಿಸಿದರು. ನವೆಂಬರ್ 2022ರಿಂದ ನೋಂದಣಿ ಆರಂಭಗೊಂಡು, ದಿನಾಂಕ 01.01.2023ರಿಂದ ಚಿಕಿತ್ಸಾ ಸೌಲಭ್ಯ ಜಾರಿಗೆ ಬಂತು. ಮರುಜಾರಿಯ ಸಂದರ್ಭದಲ್ಲಿ ಮಾಡಲಾದ ಮುಖ್ಯ ಬದಲಾವಣೆಗಳು:

ಅ) ತಲಾ ವಂತಿಗೆಯ ಬದಲಾಗಿ ಕುಟುಂಬ ವಂತಿಗೆಯನ್ನು ನಿಗದಿಪಡಿಸಲಾಯಿತು. ಗ್ರಾಮೀಣ ಸಹಕಾರ ಸಂಘಗಳ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ ರೂ.500/- ಹಾಗೂ ಹೆಚ್ಚುವರಿ ಪ್ರತಿ ವ್ಯಕ್ತಿಗೆ ರೂ.100/-, ನಗರ ಸಹಕಾರ ಸಂಘಗಳ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ ರೂ.1,000/- ಹಾಗೂ ಹೆಚ್ಚುವರಿ ಪ್ರತಿ ವ್ಯಕ್ತಿಗೆ ರೂ.200/-.

ಆ) ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ಸದಸ್ಯರ ವಂತಿಗೆಯನ್ನು ಸರ್ಕಾರವೇ ಭರಿಸಲು ಕ್ರಮವಹಿಸಲಾಯಿತು.

ಇ) ವಾರ್ಷಿಕ ಚಿಕಿತ್ಸಾ ಮಿತಿಯನ್ನು ಪ್ರತಿ ಕುಟುಂಬಕ್ಕೆ ರೂ.5 ಲಕ್ಷಕ್ಕೆ ಹೆಚ್ಚಿಸಲಾಯಿತು.

ವಂತಿಗೆಯನ್ನು ಕುಟುಂಬಕ್ಕೆ ನಿಗದಿಪಡಿಸಿದ್ದು ಕೇವಲ ಲೆಕ್ಕದ ಅನುಕೂಲಕ್ಕಲ್ಲ. ತಲಾ ವಂತಿಗೆ ಇದ್ದಾಗ ಮನೆಯಲ್ಲಿ ಅನಾರೋಗ್ಯ ಇರುವವರ ಹೆಸರನ್ನಷ್ಟೇ ನೋಂದಾಯಿಸಲು ಅವಕಾಶವಿರುತ್ತದೆ. ಕುಟುಂಬವಾಗಿ ನೋಂದಾಯಿಸಿದಲ್ಲಿ ಆರೋಗ್ಯವಂತರೂ ಸೇರುವುದರಿಂದ, ಐದನೇ ಪರಿಚ್ಛೇದದಲ್ಲಿ ವಿವರಿಸಿದ ಅಪಾಯವು ಗಣನೀಯವಾಗಿ ಕಡಿಮೆಯಾಗುತ್ತದೆ.

8. ಅರ್ಜಿದಾರರು ಗಮನಿಸಬೇಕಾದ ಅಂಶಗಳು

1) ವಂತಿಗೆಯು ಉಳಿತಾಯದ ಠೇವಣಿಯಲ್ಲ. ಆ ವರ್ಷ ಚಿಕಿತ್ಸೆ ಪಡೆಯದಿದ್ದಲ್ಲಿ ಹಣ ಮರುಪಾವತಿಯಾಗುವುದಿಲ್ಲ. ಅದು ಮತ್ತೊಬ್ಬ ಸದಸ್ಯರ ಚಿಕಿತ್ಸೆಗೆ ವಿನಿಯೋಗವಾಗುತ್ತದೆ.

2) ನೋಂದಣಿಯನ್ನು ನಿಗದಿತ ಅವಧಿಯೊಳಗೆ ಮಾತ್ರ ಸ್ವೀಕರಿಸಲಾಗುತ್ತದೆ. ಕಾಯಿಲೆ ಬಂದ ನಂತರ ಸೇರಲು ಸದಾ ಅವಕಾಶವಿದ್ದಲ್ಲಿ ಮುಂಚಿತವಾಗಿ ವಂತಿಗೆ ನೀಡುವವರು ಉಳಿಯುವುದಿಲ್ಲವೆಂಬುದೇ ಇದಕ್ಕೆ ಕಾರಣ. ಆದ್ದರಿಂದ ಆರೋಗ್ಯವಾಗಿರುವಾಗಲೇ ನೋಂದಾಯಿಸಿಕೊಳ್ಳುವುದು ಸೂಕ್ತ.

3) ಸಹಕಾರ ಸಂಘದಲ್ಲಿ ನಿಗದಿತ ಕನಿಷ್ಠ ಅವಧಿಯ ಸದಸ್ಯತ್ವ ಹೊಂದಿರುವುದು ಅವಶ್ಯ. ಕುಟುಂಬದ ಎಲ್ಲ ಅರ್ಹ ಸದಸ್ಯರ ಹೆಸರು, ವಯಸ್ಸು ಮತ್ತು ಸಂಬಂಧವನ್ನು ಗುರುತಿನ ದಾಖಲೆಯಲ್ಲಿರುವಂತೆಯೇ ನಮೂದಿಸತಕ್ಕದ್ದು. ಹೆಸರಿನ ವ್ಯತ್ಯಾಸವು ಪೂರ್ವಾನುಮತಿ ವಿಳಂಬವಾಗಲು ಎಡೆಮಾಡಿಕೊಡುತ್ತದೆ.

4) ವಂತಿಗೆ ಪಾವತಿಸಿದ ಕೂಡಲೇ ರಸೀದಿ ಪಡೆದು ಕಾರ್ಡಿನೊಂದಿಗೆ ಸುರಕ್ಷಿತವಾಗಿಟ್ಟುಕೊಳ್ಳತಕ್ಕದ್ದು.

5) ದಾಖಲಾಗುವ ಮುನ್ನ ಆಸ್ಪತ್ರೆಯು ನೆಟ್‌ವರ್ಕ್ ಪಟ್ಟಿಯಲ್ಲಿರುವುದನ್ನೂ, ಸಂಬಂಧಿತ ಚಿಕಿತ್ಸೆಯು ಯೋಜನೆಯ ವ್ಯಾಪ್ತಿಯಲ್ಲಿರುವುದನ್ನೂ ಖಚಿತಪಡಿಸಿಕೊಳ್ಳತಕ್ಕದ್ದು. ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಲ್ಲಿ ನಗದುರಹಿತ ಸೌಲಭ್ಯ ಲಭ್ಯವಾಗುವುದಿಲ್ಲ.

6) ವಂತಿಗೆ ದರ, ಅರ್ಹತೆ, ಚಿಕಿತ್ಸಾ ಪಟ್ಟಿ ಮತ್ತು ನೋಂದಣಿಯ ಕೊನೆಯ ದಿನಾಂಕಗಳು ಆಯಾ ಸಾಲಿನ ಸರ್ಕಾರಿ ಆದೇಶಕ್ಕೆ ಒಳಪಟ್ಟಿರುತ್ತವೆ. ಆಯಾ ವರ್ಷದ ವಿವರಗಳನ್ನು ತಮ್ಮ ಸಹಕಾರ ಸಂಘದ ಕಾರ್ಯದರ್ಶಿಯವರಲ್ಲಿ ಅಥವಾ ತಾಲ್ಲೂಕಿನ ಸಹಕಾರ ಅಭಿವೃದ್ಧಿ ಅಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ ತಿಳಿದುಕೊಳ್ಳಬಹುದಾಗಿದೆ.