ಮೆಲುದನಿಯ ವಾದ್ಯ, ದೊಡ್ಡ ಸಭೆ

ಚಿತ್ರದುರ್ಗದ ತ.ರಾ.ಸು. ರಂಗಮಂದಿರದ ಹಿಂದಿನ ಸಾಲಿನಲ್ಲಿ ನೀವು ವೀಣೆ ಕೇಳುತ್ತ ಕುಳಿತಿದ್ದೀರಿ ಎಂದುಕೊಳ್ಳಿ. ಧ್ವನಿವರ್ಧಕ ಕೈಕೊಟ್ಟಿತು. ಆಗ ನಿಮಗೆ ಕೇಳುವುದು ಮೀಟಿನ ಸದ್ದು ಮಾತ್ರ. ಮೀಟಿದ ಮೇಲೆ ತಂತಿಯನ್ನು ಎಳೆದು ಹೊರಡಿಸುವ ಗಮಕ ನಿಮ್ಮವರೆಗೆ ಬರುವುದಿಲ್ಲ. ವೀಣೆಯ ಜೀವ ಇರುವುದೇ ಅಲ್ಲಿ. ದುರ್ಗದ ಗಾಯಕ ಭೈರವಿ ವೆಂಕಟಸುಬ್ಬಯ್ಯನನ್ನು ಕುರಿತು 'ಹಂಸಗೀತೆ' ಬರೆದವರ ಹೆಸರಿನ ಮಂದಿರದಲ್ಲಿ ಹೀಗಾದರೆ ಸಂಕಟ ಇನ್ನೂ ಹೆಚ್ಚು!

ವೀಣೆ ದೊಡ್ಡ ಸಭೆಗೆಂದು ಹುಟ್ಟಿದ್ದಲ್ಲ. ಹಲಸಿನ ಮರದ ಕೊಡ, ಮೇಣದಲ್ಲಿ ಕೂರಿಸಿದ 24 ಮೆಟ್ಟುಗಳು, ನುಡಿಸಲು 4 ತಂತಿ, ತಾಳಕ್ಕೆ 3. ವೀಣೆ ಶೇಷಣ್ಣನವರ (1852-1926) ಕಾಲದಲ್ಲಿ ಕೇಳುಗರು ಅರಮನೆಯಲ್ಲೋ ಮನೆಯ ಪಡಸಾಲೆಯಲ್ಲೋ ವೈಣಿಕರ ಹತ್ತಿರವೇ ಕುಳಿತಿರುತ್ತಿದ್ದರು. ಮುಂದೆ ಸಂಗೀತ ಸಭೆಗಳು ಬೆಳೆದವು, ಜನ ಸೇರಿದರು, ದೂರ ಹೆಚ್ಚಿತು. ಕೊನೆಯ ಸಾಲಿಗೂ ಕೇಳಲೆಂದು ಬಿರುಸಾಗಿ, ಮತ್ತೆಮತ್ತೆ ಮೀಟಿದರೆ ಒಂದೇ ಉಸಿರಿನಲ್ಲಿ ಸಾಗಬೇಕಾದ ಗಮಕ ತುಂಡುತುಂಡಾಗುತ್ತದೆ.

ಪಿಟೀಲಿಗೂ ಇದೇ ಕಷ್ಟ ಬಂದಿತ್ತು. ಇದಕ್ಕೆ ನಮ್ಮ ನಾಡಿನಲ್ಲಿ ಧೈರ್ಯವಾಗಿ ಕೈಹಾಕಿದವರು ತಿರುಮಕೂಡಲು ಚೌಡಯ್ಯನವರು (1895-1967). ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಮೈಕಿಲ್ಲದ ಸಭೆಗಳಲ್ಲಿ ಹಿಂದೆ ಕುಳಿತವರಿಗೆ ಪಿಟೀಲು ಕೇಳುತ್ತಿರಲಿಲ್ಲ. 1920ರ ದಶಕದ ಕೊನೆಯ ಹೊತ್ತಿಗೆ ಅವರು ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಸೇರಿಸಿ ಏಳು ಮಾಡಿದರು. ಕಮಾನಿನ ಒಂದು ಎಳೆತಕ್ಕೆ ಜೋಡಿ ತಂತಿಗಳು ಒಟ್ಟಿಗೆ ನುಡಿಯುತ್ತವೆ; ನಾದ ತುಂಬಿಕೊಳ್ಳುತ್ತದೆ. ಬೆರಳಿಗೇನೋ ಶ್ರಮ ಹೆಚ್ಚು, ಶ್ರುತಿ ಮಾಡುವುದಂತೂ ಮತ್ತೂ ಕಷ್ಟ. ಮೈಕು ಬಂದ ಮೇಲೆ ಆ ಅಗತ್ಯವೇ ಕಡಿಮೆಯಾಯಿತು. ಏಳು ತಂತಿಯ ದಾರಿಯಲ್ಲಿ ನಡೆದವರೂ ಕಡಿಮೆ. ಅವರ ಹೆಸರಿನಲ್ಲಿ ಬೆಂಗಳೂರಿನಲ್ಲಿ 1980ರಲ್ಲಿ ತೆರೆದ ಸಭಾಂಗಣಕ್ಕೆ ಪಿಟೀಲಿನ ಆಕಾರ ಕೊಟ್ಟಿದ್ದಾರೆ. ಅದರೊಳಗೆ ಕಛೇರಿ ಕೇಳುವುದು ಮಾತ್ರ ಧ್ವನಿವರ್ಧಕದಲ್ಲಿ!

ವೀಣೆಗೆ ಒದಗಿದ್ದು ಬೇರೆಯ ದಾರಿ, ಆಕಾಶವಾಣಿ. 1955ರಲ್ಲಿ ಬೆಂಗಳೂರು ನಿಲಯ ಆರಂಭವಾಯಿತು. ಮೈಸೂರು ಬಾನಿಯ ವಿ. ದೊರೆಸ್ವಾಮಿ ಅಯ್ಯಂಗಾರ್ಯರು (1920-1997) ಅಲ್ಲಿ ಸಂಗೀತ ವಿಭಾಗದಲ್ಲಿ ಕೆಲಸ ಮಾಡಿದರು. ಸ್ಟುಡಿಯೋದಲ್ಲಿ ಮೈಕು ವೀಣೆಯ ಮಗ್ಗುಲಿಗೇ ಬರುತ್ತದೆ. ಹಾಗಾಗಿ ದನಿ ಏರಿಸಬೇಕಿಲ್ಲ. ಪಡಸಾಲೆಯ ವೀಣೆಯೇ ಹೊಳಲ್ಕೆರೆಯ ಮನೆಗೂ ಹೊಸದುರ್ಗದ ಅಂಗಡಿಗೂ ತಲುಪುತ್ತದೆ.

ಸಭೆಗಳಲ್ಲಿ ಈಚೆಗೆ ವಾದ್ಯಕ್ಕೇ ಅಂಟಿಸುವ ಕಾಂಟ್ಯಾಕ್ಟ್ ಮೈಕು ಬಳಕೆಯಲ್ಲಿದೆ. ನಾದ ಬಹಳ ಹೊತ್ತು ನಿಲ್ಲುತ್ತದೆ, ನಿಜ. ಆದರೆ ಬೆರಳು ಮೆಟ್ಟಿನ ಮೇಲೆ ಉಜ್ಜುವ ಸದ್ದೂ ದೊಡ್ಡದಾಗುತ್ತದೆ, ಮರದ ದನಿ ಲೋಹದ ದನಿಯಾಗುತ್ತದೆ. ನನಗಂತೂ ವಾದ್ಯದ ಮುಂದೆ ಒಂದು ಒಳ್ಳೆಯ ಮೈಕಿಟ್ಟು, ಸ್ಪೀಕರಿನ ಸದ್ದನ್ನು ತಗ್ಗಿಸಿ ಕೇಳುವುದೇ ಸರಿಯೆನಿಸುತ್ತದೆ. ಸಭೆ ತಾನಾಗಿ ಮೌನವಾಗುತ್ತದೆ.

ಹಿರಿಯೂರು ಸೀಮೆಯ ಕಾಡುಗೊಲ್ಲರ ಗಣೆಗೂ ಇದೇ ಲೆಕ್ಕ. ಜುಂಜಪ್ಪನ ಕಥೆ ಹಾಡುವಾಗ ನುಡಿಸುವ ಉದ್ದನೆಯ ಬಿದಿರಿನ ಕೊಳಲು ಅದು. ಹಟ್ಟಿಯಲ್ಲಿ ಕೇಳುವವರು ಸುತ್ತಲೂ ಕುಳಿತಿರುತ್ತಾರೆ. ವೇದಿಕೆಯಲ್ಲಿ ಒಂದೇ ಮೈಕು ಹಾಡುವವರ ಬಾಯಿಯ ಮುಂದಿರುತ್ತದೆ. ಮುಂದಿನ ಉತ್ಸವದಲ್ಲಿ ಸಂಘಟಕರು ಗಣೆಗೆಂದೇ ಇನ್ನೊಂದು ಮೈಕು ಇಡಿಸಲಿ, ನೀವೂ ಹೋಗಿ ಕೇಳಿ.