ಡಿಮೆನ್ಷಿಯಾದ ಗತಿ: ಸಂಖ್ಯಾಶಾಸ್ತ್ರೀಯ ಮಾದರಿಗಳು

ಡಿಮೆನ್ಷಿಯಾ ಒಂದೇ ದಿನದಲ್ಲಿ ಎರಗುವ ಕಾಯಿಲೆಯಲ್ಲ. ನೆನಪು, ಮಾತು, ಹಣದ ಲೆಕ್ಕ, ಕೊನೆಗೆ ಉಣ್ಣುವ ಉಡುವ ಕೆಲಸಗಳೂ ವರ್ಷಗಳ ಅವಧಿಯಲ್ಲಿ ಕೈತಪ್ಪುತ್ತವೆ. ಈ ಕುಸಿತದ ವೇಗವನ್ನೂ ಹಂತಗಳನ್ನೂ ಮತ್ತೆ ಮತ್ತೆ ನಡೆಸಿದ ಪರೀಕ್ಷೆಗಳ ಅಂಕಗಳಿಂದ ಅಂದಾಜು ಮಾಡುವ ಗಣಿತದ ವಿಧಾನಗಳಿಗೆ ಕಾಯಿಲೆಯ ಗತಿಯ ಮಾದರಿಗಳು ಎಂದು ಹೆಸರು.

2017ರಿಂದ 2020ರ ನಡುವೆ ಹಿರಿಯರ ಡಿಮೆನ್ಷಿಯಾ ಕುರಿತು ನಡೆದ ಲಾಸಿ-ಡ್ಯಾಡ್ ಸಮೀಕ್ಷೆ 60 ವರ್ಷ ದಾಟಿದ 4,096 ಮಂದಿಯನ್ನು ಪರೀಕ್ಷಿಸಿತು. ಅದರ ಆಧಾರದ ಅಂದಾಜಿನಂತೆ ಭಾರತದ ಹಿರಿಯರಲ್ಲಿ ಶೇ. 7.4, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಆದರೆ ಒಂದು ಸಲದ ಎಣಿಕೆಯಿಂದ ಕಾಯಿಲೆಯ ಗತಿ ತಿಳಿಯುವುದಿಲ್ಲ. ಅದಕ್ಕೆ ಅದೇ ಜನರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ನೋಡಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಕೈಗೆತ್ತಿಕೊಂಡದ್ದು ಇದೇ ಕೆಲಸ. 45 ವರ್ಷ ಮೇಲ್ಪಟ್ಟ 10,000 ಮಂದಿಯನ್ನು ಸೇರಿಸಿಕೊಂಡು ನೆನಪಿನ ಪರೀಕ್ಷೆ, ರಕ್ತ ತಪಾಸಣೆ, ಮಿದುಳಿನ ಎಂಆರ್‌ಐಗಳನ್ನು ನಡೆಸುತ್ತಾ ಹೋಗುವುದು ಅದರ ಗುರಿ.

ಇಂಥ ಮಾಹಿತಿಗೆ ಹೆಚ್ಚು ಬಳಕೆಯಾಗುವುದು ಸಂಖ್ಯಾಶಾಸ್ತ್ರಜ್ಞರಾದ ಲೇರ್ಡ್ ಮತ್ತು ವೇರ್ 1982ರಲ್ಲಿ ರೂಪಿಸಿದ ಮಿಶ್ರಪರಿಣಾಮ ಮಾದರಿ. ಅದು ಪ್ರತಿಯೊಬ್ಬರಿಗೂ ಎರಡು ಸಂಗತಿಗಳನ್ನು ಬೇರೆಯಾಗಿ ಲೆಕ್ಕಹಾಕುತ್ತದೆ: ಆರಂಭದ ಅಂಕ ಮತ್ತು ವರ್ಷಕ್ಕೆ ಇಳಿಯುವ ಪ್ರಮಾಣ. ಇವೆರಡನ್ನೂ ಬೇರ್ಪಡಿಸಲು ಕಾರಣವಿದೆ. ಅರಿವಿನ ಶಕ್ತಿಯನ್ನು ಅಳೆಯಲು 1975ರಲ್ಲಿ ಬಂದ, 30 ಅಂಕಗಳ ಎಂಎಂಎಸ್‌ಇ ಪರೀಕ್ಷೆಯಲ್ಲಿ ಓದುವ, ವಾಕ್ಯ ಬರೆಯುವ ಪ್ರಶ್ನೆಗಳಿವೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೆ ಮಿದುಳು ಚೆನ್ನಾಗಿದ್ದರೂ ಅದರಲ್ಲಿ ಅಂಕ ಕಡಿಮೆಯೇ ಬರಬಹುದು. ಅವರ ಅಂಕ ಕಡಿಮೆ ಇದೆಯೇ ಎನ್ನುವುದಕ್ಕಿಂತ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆಯೇ ಎನ್ನುವುದು ಮುಖ್ಯ.

ಹಂತಗಳನ್ನು ಹಿಡಿಯುವುದು ಬಹುಸ್ಥಿತಿ ಮಾದರಿಯ ಕೆಲಸ. ಆರೋಗ್ಯ, ಸೌಮ್ಯ ಅರಿವಿನ ಕೊರತೆ, ಡಿಮೆನ್ಷಿಯಾ, ಸಾವು ಎಂಬ ಸ್ಥಿತಿಗಳ ನಡುವೆ ದಾಟುವ ಸಂಭವವನ್ನು ಅದು ಕೊಡುತ್ತದೆ. ಸೌಮ್ಯ ಕೊರತೆಯಿಂದ ಕೆಲವರು ಮರಳಿ ಸುಧಾರಿಸುವುದೂ ಉಂಟು. ಇನ್ನು ಜಂಟಿ ಮಾದರಿ ಅಂಕಗಳ ಇಳಿಕೆಯನ್ನೂ ಸಾವಿನ ಅಥವಾ ಅಧ್ಯಯನ ಬಿಟ್ಟುಹೋಗುವ ಸಂಭವವನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕಾಯಿಲೆ ಉಲ್ಬಣಿಸಿದವರೇ ಮುಂದಿನ ಭೇಟಿಗೆ ಸಿಗದೆಹೋದಾಗ ಉಳಿದವರನ್ನಷ್ಟೇ ನೋಡಿದರೆ ಕುಸಿತ ನಿಜಕ್ಕಿಂತ ನಿಧಾನವಾಗಿ ಕಾಣುತ್ತದೆ.

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ ತಾಲ್ಲೂಕಿನಲ್ಲಿ ಇಂಥ ಹಲವು ತೊಡಕುಗಳು ಒಟ್ಟಿಗೆ ಎದುರಾಗುತ್ತವೆ. ಕರ್ನಾಟಕದ ವಿಜಯಪುರ, ಬೆಳಗಾವಿ ಜಿಲ್ಲೆಗಳಿಗೆ ಅಂಟಿಕೊಂಡ ಈ ಬರಪೀಡಿತ ಸೀಮೆಯಲ್ಲಿ ಮನೆಮಾತು ಕನ್ನಡವಾದವರು ಕಚೇರಿ, ಆಸ್ಪತ್ರೆಗಳಲ್ಲಿ ಮರಾಠಿ ಆಡಬೇಕು. ಪರೀಕ್ಷೆ ಒಂದು ವರ್ಷ ಮರಾಠಿಯಲ್ಲಿ, ಮರುವರ್ಷ ಕನ್ನಡದಲ್ಲಿ ನಡೆದರೆ ಅಂಕದ ಏರಿಳಿತ ಭಾಷೆಯದೋ ಕಾಯಿಲೆಯದೋ ಗೊತ್ತಾಗುವುದಿಲ್ಲ. ಡಿಮೆನ್ಷಿಯಾದ ಹಂತ ಗುರುತಿಸುವ ಸಿಡಿಆರ್ ಅಳತೆಗೆ ಮನೆಯವರ ಹೇಳಿಕೆ ಬೇಕು. ಕಬ್ಬು ಕಡಿಯಲು ಮಕ್ಕಳು ಸೊಸೆಯಂದಿರು ಗುಳೆ ಹೋದ ತಿಂಗಳುಗಳಲ್ಲಿ ಅದನ್ನು ಹೇಳಲು ಯಾರೂ ಇರುವುದಿಲ್ಲ. ಆದ್ದರಿಂದ ಭೇಟಿಯ ತಿಂಗಳು, ಪರೀಕ್ಷೆಯ ಭಾಷೆ, ಓದಿದ ವರ್ಷಗಳು ಮೂರೂ ಮಾದರಿಯೊಳಗೆ ಸೇರಲೇಬೇಕು.

ಎರಡು ಭಾಷೆಯ ಬಳಕೆ ಅಳತೆಯ ತೊಡಕು ಮಾತ್ರವಲ್ಲ. ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ವರದಿಯಂತೆ, ಒಂದೇ ಭಾಷೆಯವರಿಗಿಂತ ಎರಡು ಭಾಷೆ ಬಲ್ಲವರಲ್ಲಿ ಲಕ್ಷಣಗಳು ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿದ್ದವು. ಅನಕ್ಷರಸ್ಥರಲ್ಲಿಯೂ ಈ ಅಂತರವಿತ್ತು. ಆದರೆ ಅದು ಆಸ್ಪತ್ರೆಗೆ ಬಂದವರ ಲೆಕ್ಕ. ಆರಂಭ ತಡವಾದವರಲ್ಲಿ ಮುಂದಿನ ಇಳಿಕೆಯೂ ನಿಧಾನವೇ ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಎರಡು ಭಾಷೆಯ ಊರುಗಳಲ್ಲೇ, ಇನ್ನೂ ಆರೋಗ್ಯವಾಗಿರುವ ಹಿರಿಯರಿಂದ ಎಣಿಕೆ ಆರಂಭವಾಗಬೇಕು.