ಒಂದು ಗೆರೆ ಅಂದ್ರೆ ಎಷ್ಟು ಜನ?

1/8
ಮ್ಯಾಚ್ ಮುಗಿದ ಕೂಡಲೇ ಟಿವಿಯಲ್ಲಿ ಮ್ಯಾನ್‌ಹಟನ್ ಗ್ರಾಫ್. ಮತ ಎಣಿಕೆ ದಿನ ಬಣ್ಣ ಬಳಿದ ನಕ್ಷೆ. ಕೋವಿಡ್ ಸಮಯದಲ್ಲಿ ದಿನಾ ಏರುತ್ತಲೇ ಹೋಗುತ್ತಿದ್ದ ಒಂದು ಗೆರೆ. ನಾವು ಗ್ರಾಫ್ ನೋಡಿಕೊಂಡೇ ಬೆಳೆದವರು. ಆಟ, ವೋಟು, ಆರೋಗ್ಯ, ಯಾವುದೇ ಇರಲಿ, ಅರ್ಧ ಜಗಳ ಶುರುವಾಗೋದೇ ಯಾರೋ ಗ್ರೂಪಿಗೆ ಹಾಕಿದ ಒಂದು ಚಿತ್ರದಿಂದ. "ನೋಡು, ಇಲ್ಲೇ ಇದೆಯಲ್ಲ" ಅಂತಾರೆ, ಮಾತು ಮುಗೀತು.

ಈ ಚಿತ್ರಗಳಿಗೂ ಒಂದು ಇತಿಹಾಸ ಇದೆ. ಸುಮಾರು 240 ವರ್ಷದ್ದು. ಅದರಲ್ಲಿ ಕಾಲರಾ ಇದೆ, ಯುದ್ಧ ಇದೆ, ನಮ್ಮ ದ್ರಾವಿಡ್ ಕೂಡ ಇದ್ದಾರೆ. ಈ ಸರಣಿ ಪೂರ್ತಿ ಒಂದೇ ಪ್ರಶ್ನೆ ಹಿಡಿದುಕೊಂಡು ಹೋಗೋಣ: ಚಿತ್ರದಲ್ಲಿರೋ ಒಂದು ಗೆರೆ, ಒಂದು ಕಂಬ, ಒಂದು ಬಣ್ಣ ನಿಜಕ್ಕೂ ಏನನ್ನು ಎಣಿಸ್ತಿದೆ?

ಸೇವ್ ಮಾಡಿಟ್ಟುಕೊಳ್ಳಿ, ಸ್ವಲ್ಪ ಉದ್ದ ಇದೆ 🙂

2/8
ಮೊದಲು ಸ್ಕಾಟ್ಲೆಂಡಿಗೆ ಹೋಗೋಣ. ವಿಲಿಯಂ ಪ್ಲೇಫೇರ್ ಅಂತ ಒಬ್ಬರಿದ್ದರು. ಉಗಿ ಯಂತ್ರದ ಜೇಮ್ಸ್ ವಾಟ್ ಗೊತ್ತಲ್ಲ, ಅವರ ಹತ್ತಿರ ನಕ್ಷೆ ಬರೆಯುವ ಕೆಲಸ ಮಾಡಿದವರು. 1786ರಲ್ಲಿ ಅವರು ದೇಶದ ವ್ಯಾಪಾರದ ಲೆಕ್ಕವನ್ನು ಗೆರೆಗಳಲ್ಲಿ ಬರೆದು ಪುಸ್ತಕ ಮಾಡಿದರು. ಅಲ್ಲಿಯವರೆಗೆ ಇಂಥ ಲೆಕ್ಕ ಅಂದ್ರೆ ಸಾಲು ಸಾಲು ಅಂಕಿಗಳ ಕೋಷ್ಟಕ. ಓದಿ ತಲೆನೋವು ಬರಿಸಿಕೊಳ್ಳಬೇಕಿತ್ತು. ಪ್ಲೇಫೇರ್ ಅಂಕಿಯನ್ನು ಉದ್ದ ಮಾಡಿಬಿಟ್ಟರು. ಆಮದು ಒಂದು ಗೆರೆ, ರಫ್ತು ಇನ್ನೊಂದು ಗೆರೆ. ಎರಡರ ನಡುವಿನ ಜಾಗ ಲಾಭ ಅಥವಾ ನಷ್ಟ.

ಅದೇ ಪುಸ್ತಕದಲ್ಲಿ ಒಂದು ಬಾರ್ ಗ್ರಾಫ್ ಕೂಡ ಇತ್ತು. ನಮ್ಮ ಗಣಿತ ಪುಸ್ತಕದಲ್ಲಿ ಸ್ತಂಭಾಲೇಖ ಅಂತಾರಲ್ಲ, ಅದೇ. ಅದು ಹುಟ್ಟಿದ್ದು ಕೊರತೆಯಿಂದ! ಸ್ಕಾಟ್ಲೆಂಡಿನ ವ್ಯಾಪಾರದ ಲೆಕ್ಕ ಅವರಿಗೆ ಸಿಕ್ಕಿದ್ದು ಒಂದೇ ಒಂದು ವರ್ಷದ್ದು. ಒಂದು ವರ್ಷದಲ್ಲಿ ಏರಿಳಿತದ ಗೆರೆ ಎಳೆಯೋದು ಹೇಗೆ? ಹಾಗಾಗಿ ಒಂದೊಂದು ದೇಶಕ್ಕೂ ಆಮದಿಗೊಂದು, ರಫ್ತಿಗೊಂದು ಪಟ್ಟಿ ಎಳೆದರು. 1801ರಲ್ಲಿ ಅವರದೇ ಇನ್ನೊಂದು ಪುಸ್ತಕದಲ್ಲಿ ಪೈ ಚಾರ್ಟ್ ಬಂತು.

ಅಂದ್ರೆ ಗೆರೆ, ಪಟ್ಟಿ, ಹೋಳು ಮಾಡಿದ ವೃತ್ತ, ಮೂರೂ ಒಬ್ಬರ ಕೈಯಿಂದಲೇ ಜಗತ್ತಿಗೆ ಪರಿಚಯವಾದವು. ಅವರು ಎಣಿಸಿದ್ದು ಹೆಚ್ಚಾಗಿ ಹಣ. ಮನುಷ್ಯರನ್ನು ಎಣಿಸಿದ ಕಥೆ ಮುಂದೆ ಇದೆ.

3/8
ಲಂಡನ್, 1854. ಆಗಸ್ಟ್ ಕೊನೆ. ಸೋಹೋ ಅನ್ನೋ ಇಕ್ಕಟ್ಟಿನ ಬಡಾವಣೆಯಲ್ಲಿ ಕಾಲರಾ. ಕೆಲವೇ ವಾರದಲ್ಲಿ 600ಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯಿಂದ, ನಾತದಿಂದ ರೋಗ ಬರುತ್ತೆ ಅನ್ನೋದು ಆಗಿನ ದೊಡ್ಡವರ ನಂಬಿಕೆ. ಡಾಕ್ಟರ್ ಜಾನ್ ಸ್ನೋ ಮಾತ್ರ "ಅಲ್ಲ, ನೀರಿನಿಂದ" ಅಂತ 1849ರಿಂದಲೇ ಹೇಳುತ್ತಿದ್ದರು. ಯಾರೂ ಕೇಳಿರಲಿಲ್ಲ.

ಸ್ನೋ ಸತ್ತವರ ಮನೆ ಮನೆಗೆ ಹೋಗಿ ಯಾವ ನೀರು ಕುಡಿದಿರಿ ಅಂತ ವಿಚಾರಿಸಿದರು. ಆಮೇಲೆ ಬೀದಿಗಳ ನಕ್ಷೆಯ ಮೇಲೆ ಒಂದು ಸಾವಿಗೆ ಒಂದು ಚಿಕ್ಕ ಕಪ್ಪು ಗೆರೆ ಹಾಕಿದರು. ಒಂದೇ ಮನೆಯಲ್ಲಿ ನಾಲ್ಕು ಸಾವಾದರೆ ನಾಲ್ಕು ಗೆರೆ, ಒಂದರ ಮೇಲೊಂದು. ಬ್ರಾಡ್ ಸ್ಟ್ರೀಟ್‌ನ ಕೈಪಂಪಿನ ಸುತ್ತ ಗೆರೆಗಳು ಗುಂಪುಗೂಡಿ ನಿಂತವು.

ಎಲ್ಲರೂ ಆ ಗುಂಪನ್ನೇ ನೋಡ್ತಾರೆ. ನೀವು ಖಾಲಿ ಜಾಗ ನೋಡಿ. ಪಂಪಿನ ಹತ್ತಿರವೇ ಒಂದು ಬಿಯರ್ ಕಾರ್ಖಾನೆ. ಸುಮಾರು 70 ಜನ ಕೆಲಸಗಾರರು. ಅಲ್ಲಿ ಯಾರೂ ಕಾಲರಾದಿಂದ ಸಾಯಲಿಲ್ಲ. ಅವರಿಗೆ ಬಿಯರ್ ಪುಕ್ಕಟೆ ಸಿಗ್ತಿತ್ತು, ಪಂಪಿನ ನೀರು ಮುಟ್ಟುತ್ತಿರಲಿಲ್ಲ. ಪಕ್ಕದಲ್ಲೇ ಬಡವರ ಆಶ್ರಯಧಾಮ, 500ಕ್ಕೂ ಹೆಚ್ಚು ಜನ. ಸತ್ತವರು 5 ಮಂದಿ. ಅವರಿಗೆ ಸ್ವಂತ ಬಾವಿ ಇತ್ತು. ಗಾಳಿಯೇ ಕಾರಣ ಆಗಿದ್ದರೆ ಇವರೂ ಅದೇ ಗಾಳಿ ಉಸಿರಾಡಿದವರಲ್ಲವೇ?

ಎಷ್ಟು ಜನ ಸತ್ತರು ಅಂತ ಎಣಿಸೋದು ಒಂದು ಕೆಲಸ. ಎಷ್ಟು ಜನರಲ್ಲಿ ಅಷ್ಟು ಸತ್ತರು ಅಂತ ಕೇಳೋದು ಇನ್ನೊಂದು. ಸ್ನೋ ಎರಡನ್ನೂ ಮಾಡಿದರು.

4/8
ಈ ಕಥೆ ರೀಲ್ಸ್‌ನಲ್ಲಿ ಹೇಗೆ ಬರುತ್ತೆ ಗೊತ್ತಲ್ಲ? "ಸ್ನೋ ನಕ್ಷೆ ಬರೆದರು, ಪಂಪಿನ ಹಿಡಿ ಕಿತ್ತರು, ಕಾಲರಾ ನಿಂತಿತು." ಕೇಳೋಕೆ ಚೆನ್ನಾಗಿದೆ, ಆದ್ರೆ ನಡೆದದ್ದು ಆ ಕ್ರಮದಲ್ಲಿ ಅಲ್ಲ.

ಹಿಡಿ ತೆಗೆದದ್ದು 1854ರ ಸೆಪ್ಟೆಂಬರ್ 8. ಆ ಹೊತ್ತಿಗೆ ಜನ ಬಡಾವಣೆ ಬಿಟ್ಟು ಓಡಿದ್ದರು, ಸಾವು ಆಗಲೇ ಇಳಿಯುತ್ತಿತ್ತು. ಪ್ರಸಿದ್ಧ ನಕ್ಷೆ ತಯಾರಾಗಿದ್ದು ಆಮೇಲೆ. ಅದು ಕಾರಣ ಹುಡುಕಿದ ನಕ್ಷೆ ಅಲ್ಲ, ಹುಡುಕಿದ ಕಾರಣವನ್ನು ಬೇರೆಯವರಿಗೆ ತೋರಿಸಿದ ನಕ್ಷೆ.

ಅಷ್ಟಾದರೂ ಅಧಿಕಾರಿಗಳು ಒಪ್ಪಲಿಲ್ಲ. ಸ್ನೋ ಮಾತನ್ನು ಸುಳ್ಳು ಮಾಡಬೇಕು ಅಂತಲೇ ತನಿಖೆಗೆ ಇಳಿದವರು ಅದೇ ಬಡಾವಣೆಯ ಪಾದ್ರಿ ಹೆನ್ರಿ ವೈಟ್‌ಹೆಡ್. ಅವರಿಗೆ ಪ್ರತಿ ಮನೆಯೂ ಗೊತ್ತು. ವಿಚಾರಿಸುತ್ತಾ ಹೋದಂತೆ ಅವರೇ ಸ್ನೋ ಕಡೆಗೆ ವಾಲಿದರು. ಪಂಪಿನ ಎದುರಿನ ಮನೆಯಲ್ಲಿ ಒಂದು ಹಸುಗೂಸಿಗೆ ಎಲ್ಲರಿಗಿಂತ ಮೊದಲು ಭೇದಿ ಶುರುವಾಗಿತ್ತು. ತಾಯಿ ಆ ಬಟ್ಟೆ ತೊಳೆದ ನೀರನ್ನು ಮನೆಯ ಮಲಗುಂಡಿಗೆ ಸುರಿದಿದ್ದಳು. ಗುಂಡಿ ಸೋರಿ ಬಾವಿಗೆ ಸೇರಿತ್ತು. ಇನ್ನೊಂದು ವಿಷಯ: ಹಿಡಿ ತೆಗೆದ ಅದೇ ದಿನ ಆ ಕೂಸಿನ ತಂದೆಗೂ ಕಾಲರಾ ಬಂತು. ಹಿಡಿ ಇದ್ದಿದ್ದರೆ ಎರಡನೇ ಸುತ್ತು ಶುರುವಾಗುತ್ತಿತ್ತೇನೋ.

ಸ್ನೋ 1858ರಲ್ಲಿ ತೀರಿಕೊಂಡರು. ತಮ್ಮ ಮಾತನ್ನು ಎಲ್ಲರೂ ಒಪ್ಪಿದ್ದನ್ನು ನೋಡಲಿಲ್ಲ. ಒಂದು ನಕ್ಷೆ ತಾನಾಗಿ ಯಾರ ಮನಸ್ಸನ್ನೂ ಬದಲಾಯಿಸಲ್ಲ. ಅದರ ಹಿಂದೆ ಬಾಗಿಲು ತಟ್ಟಿದವರು ಇರಬೇಕು.

5/8
ಅದೇ 1854ರ ನವೆಂಬರ್‌ನಲ್ಲಿ ಫ್ಲಾರೆನ್ಸ್ ನೈಟಿಂಗೇಲ್ 38 ನರ್ಸ್‌ಗಳ ಜೊತೆ ಇಸ್ತಾಂಬುಲ್ ಹತ್ತಿರದ ಸ್ಕುಟಾರಿ ಸೇನಾ ಆಸ್ಪತ್ರೆಗೆ ಬಂದರು. ಕ್ರಿಮಿಯಾ ಯುದ್ಧ ನಡೀತಿತ್ತು. ಶಾಲೆಯಲ್ಲಿ ನಮಗೆ ಹೇಳಿಕೊಟ್ಟಿದ್ದು ದೀಪ ಹಿಡಿದ ಮಹಿಳೆ ಅಂತ. ಅವರು ಲೆಕ್ಕದ ಪುಸ್ತಕ ಹಿಡಿದ ಮಹಿಳೆ ಕೂಡ. ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘಕ್ಕೆ ಮೊದಲ ಮಹಿಳಾ ಸದಸ್ಯೆ ಅವರೇ.

ಆ ಚಳಿಗಾಲದಲ್ಲಿ ಸೈನಿಕರು ಸತ್ತದ್ದು ಮುಖ್ಯವಾಗಿ ಗುಂಡೇಟಿನಿಂದ ಅಲ್ಲ, ಕಾಲರಾ, ಭೇದಿ, ಜ್ವರದಿಂದ. ಆಸ್ಪತ್ರೆಯ ಕೆಳಗಿನ ಚರಂಡಿಗಳೇ ಕಟ್ಟಿಕೊಂಡಿದ್ದವು. 1855ರ ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗ ಅದನ್ನೆಲ್ಲ ತೊಳೆಸಿತು, ಸಾವು ಇಳಿಯಿತು. ಯುದ್ಧ ಮುಗಿದ ಮೇಲೆ, 1858ರಲ್ಲಿ, ನೈಟಿಂಗೇಲ್ ಇದನ್ನು ಚಿತ್ರ ಮಾಡಿದರು. ವೃತ್ತದ ಸುತ್ತ 12 ಹೋಳು, ತಿಂಗಳಿಗೊಂದು. ನೀಲಿ ಅಂದ್ರೆ ತಡೆಯಬಹುದಾಗಿದ್ದ ಕಾಯಿಲೆ, ಕೆಂಪು ಗಾಯ, ಕಪ್ಪು ಉಳಿದ ಕಾರಣ. ನೋಡಿದ ತಕ್ಷಣ ಕಣ್ಣಿಗೆ ಬೀಳೋದು ನೀಲಿ. ಶತ್ರು ಎದುರಿಗಿರಲಿಲ್ಲ, ಚರಂಡಿಯಲ್ಲಿದ್ದ ಅಂತ ಹೇಳೋಕೆ ಬೇರೆ ಮಾತೇ ಬೇಡ.

ಇಲ್ಲಿ ಒಂದು ಸೂಕ್ಷ್ಮ. ಅವರ ಮೊದಲ ಮಾದರಿಯಲ್ಲಿ ಸಾವಿನ ಪ್ರಮಾಣವನ್ನು ಹೋಳಿನ ಉದ್ದದಲ್ಲಿ ತೋರಿಸಿದ್ದರು. ಉದ್ದ ಎರಡು ಪಟ್ಟು ಆದರೆ ಹೋಳು ತುಂಬೋ ಜಾಗ ನಾಲ್ಕು ಪಟ್ಟು ಆಗುತ್ತೆ, ಕಣ್ಣು ಮೋಸ ಹೋಗುತ್ತೆ. ಆಮೇಲೆ ಅದನ್ನು ತಿದ್ದಿ ಜಾಗದ ಲೆಕ್ಕದಲ್ಲೇ ಹೋಳು ಮಾಡಿದರು. ಹಳೆಯ ಚಿತ್ರ ಅವರ ವಾದಕ್ಕೆ ಇನ್ನೂ ಜೋರಾಗಿ ಸಹಾಯ ಮಾಡ್ತಿತ್ತು, ಆದ್ರೂ ತಿದ್ದಿದರು. ಇದು ನನಗೆ ತುಂಬಾ ಇಷ್ಟದ ಭಾಗ.

ಆಮೇಲೆ ಅವರು ಭಾರತದ ಲೆಕ್ಕ ಹಿಡಿದರು. ಇಲ್ಲಿಗೆ ಒಮ್ಮೆಯೂ ಬಂದವರಲ್ಲ, ಸೇನಾ ಠಾಣೆಗಳಿಗೆ ಪ್ರಶ್ನಾವಳಿ ಕಳಿಸಿ ಉತ್ತರ ತರಿಸಿಕೊಂಡರು. 1863ರ ರಾಜ ಆಯೋಗದ ವರದಿಯ ಪ್ರಕಾರ ಇಲ್ಲಿ ವರ್ಷಕ್ಕೆ 1,000 ಬ್ರಿಟಿಷ್ ಸೈನಿಕರಲ್ಲಿ 69 ಮಂದಿ ಸಾಯುತ್ತಿದ್ದರು. ಗಮನಿಸಿ, ಬ್ರಿಟಿಷ್ ಸೈನಿಕರು. ಪಕ್ಕದ ಊರಿನ ಜನ ಎಷ್ಟು ಸತ್ತರು ಅನ್ನೋದು ಆ 69ರೊಳಗೆ ಇಲ್ಲ.

6/8
ಈಗ ಸ್ವಲ್ಪ ಆಟ 🏏

ಕ್ರಿಕೆಟ್‌ನಲ್ಲಿ ವ್ಯಾಗನ್ ವೀಲ್ ನೋಡಿದ್ದೀರಲ್ಲ, ಬ್ಯಾಟ್ಸ್‌ಮನ್ ಹೊಡೆದ ರನ್ನೆಲ್ಲ ಪಿಚ್‌ನಿಂದ ಬೌಂಡರಿ ಕಡೆ ಹೋಗೋ ಗೆರೆಗಳು. ಟಿವಿಗಿಂತ ಹಳೆಯದು ಅದು. 1905ರಿಂದ ಆಸ್ಟ್ರೇಲಿಯಾ ಮೊದಲಾದ ತಂಡಗಳ ಜೊತೆ ಸ್ಕೋರರ್ ಆಗಿ ಊರೂರು ಸುತ್ತಿದ ಬಿಲ್ ಫರ್ಗುಸನ್ ಇಂಥ ಚಿತ್ರಗಳನ್ನು ಕೈಯಲ್ಲೇ ಬರೆಯುತ್ತಿದ್ದರು.

ಈಗ ನಮ್ಮ ಪ್ರಶ್ನೆ ಕೇಳಿ: ಒಂದು ಗೆರೆ ಏನನ್ನು ಎಣಿಸ್ತಿದೆ? ರನ್ ಬಂದ ಚೆಂಡನ್ನು. ಹಾಗಾದ್ರೆ ರನ್ ಬಾರದ ಚೆಂಡು ಎಲ್ಲಿ?

ರಾಹುಲ್ ದ್ರಾವಿಡ್ ಟೆಸ್ಟ್‌ನಲ್ಲಿ 13,288 ರನ್ ಹೊಡೆದರು. ಅದಕ್ಕೆ ಎದುರಿಸಿದ ಚೆಂಡು 31,258. ರನ್ ಬಂದ ಪ್ರತಿ ಚೆಂಡಿಗೂ ಒಂದೇ ರನ್ ಅಂತ ಇಟ್ಟುಕೊಂಡರೂ, ಕನಿಷ್ಠ 17,970 ಚೆಂಡಿಗೆ ರನ್ ಇಲ್ಲ. ಬೌಂಡರಿ ಲೆಕ್ಕ ಹಾಕಿದರೆ ಇನ್ನೂ ಜಾಸ್ತಿ. ಬಿಟ್ಟ ಚೆಂಡು, ತಡೆದ ಚೆಂಡು, ಮೈಮೇಲೆ ತಿಂದ ಚೆಂಡು, ಅರ್ಧಕ್ಕಿಂತ ಹೆಚ್ಚಿನ ಕೆಲಸ ವ್ಯಾಗನ್ ವೀಲ್‌ನಲ್ಲಿ ಕಾಣೋದೇ ಇಲ್ಲ. ಅವರನ್ನು ಗೋಡೆ ಅಂದದ್ದೇ ಆ ಕಾಣದ ಚೆಂಡುಗಳಿಗಾಗಿ! ಚಿತ್ರ ಸುಳ್ಳಲ್ಲ, ಆದ್ರೆ ದ್ರಾವಿಡ್ ಅದರೊಳಗೆ ಪೂರ್ತಿ ಇಲ್ಲ.

7/8
ಇನ್ನು ವೋಟು. ಇಲ್ಲಿ ಪಕ್ಷ ಮರೆತು ಬರೀ ಲೆಕ್ಕ ನೋಡಿ.

ಉತ್ತರ ಕನ್ನಡ ಜಿಲ್ಲೆಯ ವಿಸ್ತೀರ್ಣ 10,291 ಚದರ ಕಿ.ಮೀ., ವಿಧಾನಸಭಾ ಕ್ಷೇತ್ರ 6. ಬೆಂಗಳೂರು ನಗರ ಜಿಲ್ಲೆ ಸುಮಾರು 2,196 ಚದರ ಕಿ.ಮೀ., ಕ್ಷೇತ್ರ 28. ರಾಜ್ಯದ 224ರಲ್ಲಿ 28 ಅಂದ್ರೆ ಸರಿಯಾಗಿ ಎಂಟರಲ್ಲಿ ಒಂದು ಪಾಲು. ನೆಲದ ಲೆಕ್ಕದಲ್ಲಿ ನೂರಕ್ಕೆ ಒಂದು ಚೂರು ಮೇಲೆ. ಎಣಿಕೆ ದಿನದ ನಕ್ಷೆಯಲ್ಲಿ ಬೆಂಗಳೂರು ಒಂದು ಸಾಸಿವೆ ಕಾಳು, ಕಾಡು ತುಂಬಿದ ಕ್ಷೇತ್ರ ದೊಡ್ಡ ಬಣ್ಣದ ಹಾಳೆ. ಅಲ್ಲಿ ಬಣ್ಣ ಎಣಿಸ್ತಿರೋದು ನೆಲವನ್ನು, ಜನರನ್ನಲ್ಲ. ಅದಕ್ಕೇ ಕೆಲವರು ಪ್ರತಿ ಕ್ಷೇತ್ರಕ್ಕೂ ಒಂದೇ ಅಳತೆಯ ಷಟ್ಕೋನ ಕೊಟ್ಟು ನಕ್ಷೆ ಮಾಡ್ತಾರೆ. ನೋಡೋಕೆ ಕರ್ನಾಟಕದ ಹಾಗಿರಲ್ಲ, ಆದ್ರೆ ಲೆಕ್ಕ ಸರಿ ಇರುತ್ತೆ.

ಇನ್ನೊಂದು. 2018ರಲ್ಲಿ ಮೊದಲು ಮತದಾನ ನಡೆದ 222 ಕ್ಷೇತ್ರಗಳಲ್ಲಿ ಬಿಜೆಪಿಗೆ 104, ಕಾಂಗ್ರೆಸ್‌ಗೆ 78, ಜೆಡಿಎಸ್‌ಗೆ 37. ಆದ್ರೆ ಮತದ ಪಾಲು? ಕಾಂಗ್ರೆಸ್ ಸುಮಾರು ಶೇ. 38, ಬಿಜೆಪಿ ಸುಮಾರು ಶೇ. 36. ಹೆಚ್ಚು ಮತ ಒಬ್ಬರಿಗೆ, ಹೆಚ್ಚು ಸೀಟು ಇನ್ನೊಬ್ಬರಿಗೆ. 2023ರಲ್ಲಿ ಬಿಜೆಪಿ ಪಾಲು ಮತ್ತೆ ಸುಮಾರು ಶೇ. 36. ಸೀಟು ಮಾತ್ರ 66ಕ್ಕೆ ಇಳಿಯಿತು, ಕಾಂಗ್ರೆಸ್ 135. ಸೀಟಿನ ಗ್ರಾಫ್ ನೋಡಿದವರು "ಜನ ಪೂರ್ತಿ ಕೈಬಿಟ್ಟರು" ಅಂತಾರೆ, ಮತದ ಗ್ರಾಫ್ ನೋಡಿದವರು "ಏನೂ ಕಳೆದುಕೊಂಡಿಲ್ಲ" ಅಂತಾರೆ. ಇಬ್ಬರ ಕೈಯಲ್ಲೂ ಸರಿಯಾದ ಅಂಕಿ ಇದೆ. ಸರ್ಕಾರ ಮಾಡೋದು ಸೀಟು, ಜನರ ಮನಸ್ಸು ತಿಳಿಯೋಕೆ ಮತ. ಯಾವ ಪ್ರಶ್ನೆಗೆ ಯಾವ ಗ್ರಾಫ್ ಅನ್ನೋದೇ ವಿಷಯ.

8/8
ಕೋವಿಡ್ ಗ್ರಾಫ್ ನೆನಪಿದೆಯಲ್ಲ? ಅದರ ಒಂದು ಚುಕ್ಕೆ ಎಣಿಸಿದ್ದು ಕಾಯಿಲೆ ಬಂದವರನ್ನಲ್ಲ, ಪರೀಕ್ಷೆ ಮಾಡಿಸಿಕೊಂಡು ಪಾಸಿಟಿವ್ ಬಂದವರನ್ನು. ಪರೀಕ್ಷೆ ಕಡಿಮೆ ಮಾಡಿದರೆ ಗೆರೆಯೂ ತಗ್ಗುತ್ತೆ, ಕಾಯಿಲೆ ತಗ್ಗಬೇಕಾಗಿಲ್ಲ. ಪರೀಕ್ಷಾ ಕೇಂದ್ರವೇ ಇಲ್ಲದ ಊರು ನಕ್ಷೆಯಲ್ಲಿ ಕ್ಷೇಮವಾಗಿರೋ ಹಾಗೆ ಕಾಣಬಹುದು. ಸ್ನೋ ನಕ್ಷೆಯ ಖಾಲಿ ಜಾಗದಲ್ಲಿ ಬದುಕಿದವರಿದ್ದರು. ಎಲ್ಲಾ ಖಾಲಿ ಜಾಗವೂ ಹಾಗಲ್ಲ.

ಹಾಗಂತ ಗ್ರಾಫ್ ಎಲ್ಲಾ ಮೋಸ ಅಂತ ತಳ್ಳಿಹಾಕಬೇಡಿ. ಅದು ಇನ್ನೂ ಸುಲಭದ ದಾರಿ, ಇನ್ನೂ ಕೆಟ್ಟದ್ದು. ಕಾಲರಾ ಬರೋದು ನೀರಿನಿಂದ, ಸೈನಿಕರನ್ನು ಕೊಂದದ್ದು ಚರಂಡಿ ಅಂತ ಕಣ್ಣಿಗೆ ಕಟ್ಟುವ ಹಾಗೆ ತೋರಿಸಿದ್ದು ಗ್ರಾಫೇ.

ಮುಂದಿನ ಸಲ ಗ್ರೂಪಿಗೆ ಒಂದು ಗ್ರಾಫ್ ಬಂದಾಗ ಫಾರ್ವರ್ಡ್ ಒತ್ತೋ ಮೊದಲು ಮೂರೇ ಪ್ರಶ್ನೆ:
👉 ಒಂದು ಗೆರೆ ಅಥವಾ ಒಂದು ಬಣ್ಣ ಏನನ್ನು ಎಣಿಸ್ತಿದೆ?
👉 ಎಷ್ಟರಲ್ಲಿ ಎಷ್ಟು?
👉 ಎಣಿಕೆಯ ಹೊರಗೆ ಉಳಿದವರು ಯಾರು?

ಮೂರನೆಯದನ್ನು ಮಾತ್ರ ಬಿಡಬೇಡಿ. ನಿಮ್ಮ ಊರು, ನಿಮ್ಮ ಮನೆಯವರು ಅಲ್ಲಿರಬಹುದು.

ನೀವು ನೋಡಿದ, ತಲೆ ಕೆಡಿಸಿದ ಒಂದು ಗ್ರಾಫ್ ಯಾವುದು? ಕಾಮೆಂಟ್‌ನಲ್ಲಿ ಹೇಳಿ, ಒಟ್ಟಿಗೆ ಕೂತು ಎಣಿಸೋಣ.

#ಕನ್ನಡ #ಇತಿಹಾಸ #ಗ್ರಾಫ್‌ಕಥೆ #ಓದಿ_ಹಂಚಿ